ಅಮ್ಮನಿಗೊಂದು ಫೋಟೊ ಕಳಿಸಲು ಯಾರ ಅಪ್ಪಣೆ ಬೇಕು?

2007ರ ಜೂನ್ 29ರಂದು ಅಮೆರಿಕದಲ್ಲಿ ಮೊದಲ ಐಫೋನ್ ಮಾರಾಟಕ್ಕೆ ಬಂತು. ಬೆರಳಲ್ಲಿ ಸವರಿದರೆ ಸರಿಯುವ ಪರದೆ, ಕಂಪ್ಯೂಟರಿನಲ್ಲಿ ಕಾಣುವಂತೆಯೇ ಪೂರ್ತಿ ತೆರೆದುಕೊಳ್ಳುವ ವೆಬ್ ಪುಟ, ಬೆನ್ನಿಗೆ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ. ಬೆಲೆ 499 ಡಾಲರ್‌ನಿಂದ ಶುರು. ಇಷ್ಟೆಲ್ಲ ಇದ್ದೂ, ಆ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಇನ್ನೊಬ್ಬರ ಮೊಬೈಲ್ ನಂಬರಿಗೆ ಎಂಎಂಎಸ್ ಆಗಿ ಕಳಿಸಲು ಬರುತ್ತಿರಲಿಲ್ಲ. ಅದಕ್ಕಿಂತ ಎಷ್ಟೋ ಅಗ್ಗದ ನೋಕಿಯಾ, ಸೋನಿ ಎರಿಕ್ಸನ್, ಮೊಟೊರೊಲಾ ಫೋನ್‌ಗಳು ವರ್ಷಗಳಿಂದ ಮಾಡುತ್ತಿದ್ದ ಕೆಲಸ ಅದು.

ಅಂದು ಶುರುವಾದ ಜಗಳ ಇನ್ನೂ ಮುಗಿದಿಲ್ಲ. ರೂಪ ಬದಲಿಸಿಕೊಂಡು ಭಾರತದ ಹಳ್ಳಿಗಳ ಕೀಪ್ಯಾಡ್ ಫೋನಿನವರೆಗೂ ಬಂದಿದೆ. ಚಿತ್ರ ಕಳಿಸುವ ಸೌಲಭ್ಯ ಮೊಬೈಲಿಗೆ ಅತ್ಯಗತ್ಯವೋ, ಇದ್ದರೆ ಇರಲಿ ಎನ್ನುವಂಥ ಅಲಂಕಾರವೋ? ಅತ್ಯಗತ್ಯವೇ. ಮಾತು ಮತ್ತು ಎಸ್‌ಎಂಎಸ್ ಪಕ್ಕದಲ್ಲೇ ಅದರ ಜಾಗ. ನಂಬರೊಂದು ಗೊತ್ತಿದ್ದರೆ ಸಾಕು, ಯಾವ ಫೋನಿನಿಂದ ಯಾವ ಫೋನಿಗೂ ಚಿತ್ರ ಹೋಗುವಂತಿರಬೇಕು. ಯಾವುದೋ ಒಂದು ಕಂಪನಿಯ ಆ್ಯಪ್ ಮನಸ್ಸು ಮಾಡಿದರೆ ಮಾತ್ರ ಎಂಬ ಸ್ಥಿತಿ ಇರಬಾರದು.

ಐಫೋನ್ ಪರ ವಾದಿಸಿದವರ ಮಾತು ಸರಳವಾಗಿತ್ತು: ಇ–ಮೇಲ್ ಇದೆಯಲ್ಲ, ಅದರಲ್ಲೇ ಕಳಿಸಿ. ಕೇಳಲು ಸರಿಯೆನಿಸುತ್ತದೆ. ಆದರೆ ಇ–ಮೇಲ್ ತಲುಪಬೇಕಾದರೆ ಆ ಕಡೆಯವರಿಗೂ ವಿಳಾಸ ಇರಬೇಕು, ಅದನ್ನು ಫೋನಿನಲ್ಲೇ ತೆರೆದು ನೋಡುವ ಸೌಕರ್ಯ ಇರಬೇಕು. 2007ರಲ್ಲಿ ಬಹುಪಾಲು ಜನರ ಫೋನಿನಲ್ಲಿ ಅದು ಇರಲಿಲ್ಲ. ತನ್ನಂಥ ಫೋನ್ ಇದ್ದವರ ನಡುವಿನ ವ್ಯವಹಾರವನ್ನಷ್ಟೇ ಕಣ್ಣಮುಂದಿಟ್ಟುಕೊಂಡ ವಾದ ಅದು.

ಹಾಗೆಂದು ಚಿತ್ರ ಸಂದೇಶ ಆಗ ಹೊಸದೇನೂ ಅಲ್ಲ. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್‌ನ ಆಸ್ಪತ್ರೆಯಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞ ಒಂದು ಡಿಜಿಟಲ್ ಕ್ಯಾಮೆರಾ, ಒಂದು ಮೊಬೈಲ್, ಒಂದು ಲ್ಯಾಪ್‌ಟಾಪ್ ಮೂರನ್ನೂ ತಂತಿಯಿಂದ ಬೆಸೆದು, ಆಗಷ್ಟೇ ಹುಟ್ಟಿದ ಮಗಳ ಚಿತ್ರವನ್ನು ನೆಂಟರಿಷ್ಟರಿಗೆ ರವಾನಿಸಿದ್ದರು. 2000ದ ನವೆಂಬರ್‌ನಲ್ಲಿ ಜಪಾನಿನ ಜೆ–ಫೋನ್ ಕಂಪನಿ ಶಾರ್ಪ್ ತಯಾರಿಸಿದ ಕ್ಯಾಮೆರಾ ಫೋನನ್ನು ಪೇಟೆಗೆ ತಂದು, ಚಿತ್ರ ಕಳಿಸುವ ಸೇವೆಯನ್ನು ಜನಪ್ರಿಯಗೊಳಿಸಿತು. 2002ರಲ್ಲಿ ನಾರ್ವೆಯ ಟೆಲೆನಾರ್ ಎಂಎಂಎಸ್ ಸೇವೆ ಆರಂಭಿಸಿತು. ಹುಟ್ಟಿದ ಮಗುವಿನ ಮುಖವನ್ನು ಆ ಕ್ಷಣವೇ ದೂರದವರಿಗೆ ತೋರಿಸಬೇಕೆಂಬ ಆಸೆಯೇ ಈ ತಂತ್ರಜ್ಞಾನದ ಬೇರಿನಲ್ಲಿದೆ. ಅಂಥ ಆಸೆಯನ್ನು ಅಲಂಕಾರ ಎಂದು ಕರೆಯುವುದು ಹೇಗೆ?

ಚಿತ್ರ ಬಾರದ ಐಫೋನಿನಲ್ಲಿ ಆಗುತ್ತಿದ್ದುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗೆಳೆಯರೊಬ್ಬರು ಬೇರೆ ಫೋನಿನಿಂದ ಫೋಟೊ ಕಳಿಸಿದರೆ, ಎಟಿ ಆ್ಯಂಡ್ ಟಿ ಜಾಲದ ಐಫೋನಿಗೆ ಫೋಟೊದ ಬದಲು ಒಂದು ಎಸ್‌ಎಂಎಸ್ ಬರುತ್ತಿತ್ತು. ನಿಮಗೊಂದು ಚಿತ್ರ ಬಂದಿದೆ, ಇಂಥ ವೆಬ್‌ಸೈಟಿಗೆ ಹೋಗಿ, ಸಂದೇಶದ ಗುರುತು ಸಂಖ್ಯೆ ಮತ್ತು ಪಾಸ್‌ವರ್ಡ್ ಹಾಕಿ ನೋಡಿಕೊಳ್ಳಿ ಎಂಬ ಒಕ್ಕಣೆ. ಅಕ್ಷರ, ಅಂಕಿಗಳನ್ನು ಕಲಸಿದ ಆ ಗುರುತನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಮೊದಲ ಎರಡು ವರ್ಷ ಐಫೋನಿನಲ್ಲಿ ಕಾಪಿ–ಪೇಸ್ಟ್ ಕೂಡ ಇರಲಿಲ್ಲ. ಹಾಳೆ, ಪೆನ್ನು ಹುಡುಕಿ ಬರೆದುಕೊಂಡು, ಮತ್ತೆ ಬ್ರೌಸರಿನಲ್ಲಿ ಟೈಪಿಸಿ, ಕಡೆಗೆ ನೋಡಿದರೆ ಬೆರಳುಗುರಿನಷ್ಟು ದೊಡ್ಡ ಚಿತ್ರ. ಬೇಸತ್ತವರು ಫೋನಿನ ಬೀಗ ಮುರಿದು ‘ಸ್ವಿರ್ಲಿಎಂಎಂಎಸ್’ ಎಂಬ ಅನಧಿಕೃತ ಆ್ಯಪ್ ಹಾಕಿಕೊಂಡರು. ಯಾರಿಗೂ ಬೇಡದ ಸೌಲಭ್ಯಕ್ಕಾಗಿ ಜನ ಇಷ್ಟು ಒದ್ದಾಡುವುದಿಲ್ಲ.

2009ರ ಜೂನ್‌ನಲ್ಲಿ ಆ್ಯಪಲ್ ಮಣಿಯಿತು. ಹೊಸ ತಂತ್ರಾಂಶದಲ್ಲಿ ಎಂಎಂಎಸ್ ಇರುತ್ತದೆ, 76 ದೇಶಗಳ 29 ಮೊಬೈಲ್ ಕಂಪನಿಗಳು ಮೊದಲ ದಿನದಿಂದಲೇ ಅದನ್ನು ಒದಗಿಸುತ್ತವೆ ಎಂದು ಘೋಷಿಸಿತು. ಐಫೋನಿನ ತವರಿನ ಏಕೈಕ ಸೇವಾದಾರ ಎಟಿ ಆ್ಯಂಡ್ ಟಿ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಚಿತ್ರಗಳ ಪ್ರವಾಹವನ್ನು ತಡೆದುಕೊಳ್ಳಲು ಜಾಲವನ್ನು ಸಜ್ಜುಗೊಳಿಸಬೇಕು ಎಂದು ಅದು ಸೆಪ್ಟೆಂಬರ್ 25ರವರೆಗೆ ಕಾಯಿಸಿತು. ಅಷ್ಟರಲ್ಲಿ ಗ್ರಾಹಕರು ಲೂಸಿಯಾನಾದ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದ್ದರು. 2007ರ ಮೊದಲ ಐಫೋನ್ ಕೊಂಡವರಿಗಂತೂ ಆ ಸೌಲಭ್ಯ ಕೊನೆಗೂ ದಕ್ಕಲಿಲ್ಲ. ಒಂದು ಕಡೆ ‘ಇದು ಅಗತ್ಯವೇನಲ್ಲ’ ಎಂಬ ವಾದ, ಇನ್ನೊಂದು ಕಡೆ ‘ಎಲ್ಲರೂ ಬಳಸಿಬಿಟ್ಟರೆ ಜಾಲ ತಡೆಯಲಾರದು’ ಎಂಬ ಭಯ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ.

ಚಿತ್ರ ಸಂದೇಶವನ್ನು ಅಲ್ಲಗಳೆಯುವವರ ಬಳಿ ಒಂದು ಗಟ್ಟಿ ಮಾತಿದೆ: ಎಂಎಂಎಸ್ ಸ್ವತಃ ಸೋತ ಸೇವೆ. ಇದು ಸುಳ್ಳಲ್ಲ. ಭಾರತದಲ್ಲಿ ಅದನ್ನು ಬಳಸಬೇಕಾದರೆ ಕಂಪನಿಗೆ ಸಂದೇಶ ಕಳಿಸಿ ‘ಸೆಟ್ಟಿಂಗ್ಸ್’ ತರಿಸಿಕೊಳ್ಳಬೇಕಿತ್ತು. ಅವನ್ನು ಉಳಿಸಲು ಪಿನ್ ಒತ್ತಬೇಕಿತ್ತು. ಜಿಪಿಆರ್‌ಎಸ್ ಎಂಬ ಆಗಿನ ಮೊಬೈಲ್ ಇಂಟರ್‌ನೆಟ್ ಚಾಲೂ ಆಗಿರಬೇಕಿತ್ತು. ಇಷ್ಟಾದರೂ ಕೆಲವೇ ನೂರು ಕೆಬಿಯ ಮಿತಿ, ಎಸ್‌ಎಂಎಸ್‌ಗಿಂತ ಹಲವು ಪಟ್ಟು ದರ, ಆ ಕಡೆಯ ಫೋನಿಗೆ ಹೊಂದದಿದ್ದರೆ ಕಳಿಸಿದ್ದು ವ್ಯರ್ಥ. ಆದರೆ ಬಸ್ಸು ಕೆಟ್ಟಿದ್ದಕ್ಕೆ ಊರಿಗೆ ಹೋಗುವ ಅಗತ್ಯವೇ ಇರಲಿಲ್ಲ ಎನ್ನಲಾಗದು. 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್ ನಂಬರಿದ್ದರೆ ಸಾಕು ಎಂಬ ಅದೇ ತತ್ವ ಇಟ್ಟುಕೊಂಡು, ಸೆಟ್ಟಿಂಗ್ಸ್ ತಲೆನೋವು ಮತ್ತು ಪ್ರತಿ ಚಿತ್ರದ ದರ ಎರಡನ್ನೂ ತೆಗೆದುಹಾಕಿತು. ಐದು ವರ್ಷ ತುಂಬುವುದರೊಳಗೆ ಫೇಸ್‌ಬುಕ್ ಅದಕ್ಕೆ 19 ಶತಕೋಟಿ ಡಾಲರ್ ಬೆಲೆ ಕಟ್ಟಿತು.

ಇಷ್ಟಕ್ಕೂ ಚಿತ್ರ ಯಾರಿಗೆ ಬೇಕು? ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕೇಳಿದರೆ ತಿಳಿಯುತ್ತದೆ. ಶೃಂಗೇರಿ, ಕೊಪ್ಪದ ತೋಟಗಳಲ್ಲಿ ಹಳದಿ ಎಲೆ ರೋಗವೂ ಇದೆ, ಎಲೆಚುಕ್ಕಿ ರೋಗವೂ ಇದೆ. ಫೋನಿನಲ್ಲಿ ತೋಟಗಾರಿಕೆ ಅಧಿಕಾರಿಗೆ ‘ಸೋಗೆ ಹಳದಿಯಾಗ್ತಾ ಇದೆ’ ಎಂದರೆ ಎರಡರಲ್ಲಿ ಯಾವುದೂ ಆಗಬಹುದು. ಹಳದಿ ಎಲೆ ರೋಗದಲ್ಲಿ ಎಲೆಯ ತುದಿಯಿಂದ ಹಳದಿ ಬಣ್ಣ ಒಳಗೆ ಹರಿಯುತ್ತದೆ. ಅದಕ್ಕೆ ಸಿಂಪಡಿಸಿ ವಾಸಿಮಾಡುವ ಔಷಧಿಯಿಲ್ಲ. ಎಲೆಚುಕ್ಕಿ ಶಿಲೀಂಧ್ರದ ಕೆಲಸ. ಕಂದು ಚುಕ್ಕಿ, ಅದರ ಸುತ್ತ ಹಳದಿ ಉಂಗುರ, ಬರಬರುತ್ತಾ ಚುಕ್ಕಿಗಳು ಕೂಡಿಕೊಂಡು ಸೋಗೆಯೇ ಒಣಗುತ್ತದೆ. ಇದಕ್ಕೆ ಹೊತ್ತಿಗೆ ಸರಿಯಾಗಿ ಶಿಲೀಂಧ್ರನಾಶಕ ಸಿಂಪಡಿಸಿದರೆ ತೋಟ ಉಳಿದೀತು. ಈ ವ್ಯತ್ಯಾಸವನ್ನು ಮಾತಿನಲ್ಲಿ ವಿವರಿಸುವಷ್ಟರಲ್ಲಿ ಹತ್ತು ತಪ್ಪು ತಿಳಿವಳಿಕೆಯಾಗುತ್ತದೆ. ಸೋಗೆಯ ಒಂದು ಫೋಟೊ ಅಷ್ಟನ್ನೂ ಒಂದೇ ನೋಟಕ್ಕೆ ಹೇಳುತ್ತದೆ. ಅಧಿಕಾರಿ ಮೂವತ್ತು ಕಿಲೊಮೀಟರ್ ಬಂದು ನೋಡಿ ಹೋಗುವವರೆಗೆ ರೋಗ ಕಾಯುವುದಿಲ್ಲ.

ಓದುಬರಹ ಬಾರದವರಿಗೆ ಮಾತ್ರೆಯ ಪಟ್ಟಿಯ ಫೋಟೊ ಕಳಿಸಿ ‘ಇದೇ ತಾನೆ?’ ಎಂದು ಕೇಳುವ ದಾರಿ ಅದು. ಕಿವಿ ಕೇಳಿಸದವರಿಗೆ ಫೋನ್ ಎಂದರೆ ಮೊದಲಿನಿಂದಲೂ ಕಣ್ಣಿನ ಸಾಧನ.

ಕನ್ನಡಿಗರಿಗೆ ಇದರಲ್ಲಿ ಬೇರೆಯೇ ಒಂದು ಲೆಕ್ಕವಿದೆ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರಗಳ ಜಾಗ ಇದ್ದರೆ, ಯೂನಿಕೋಡ್ ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಗುಣಿತ, ಒತ್ತಕ್ಷರಗಳು ಒಂದಕ್ಕೆ ಎರಡು, ಮೂರು ಸ್ಥಾನ ನುಂಗುತ್ತವೆ. ಕನ್ನಡ ಅಕ್ಷರಶೈಲಿಯೇ ಇಲ್ಲದ ಫೋನಿಗೆ ಹೋದರೆ ಸಾಲುಸಾಲು ಖಾಲಿ ಚೌಕಗಳು. ಐಫೋನಿಗೆ ಆ್ಯಪಲ್ ತನ್ನದೇ ಕನ್ನಡ ಕೀಲಿಮಣೆ ಕೊಟ್ಟಿದ್ದು 2017ರಲ್ಲಿ. ಆ ವರ್ಷಗಳಲ್ಲೆಲ್ಲ ಯುಗಾದಿಯ ಶುಭಾಶಯವಾಗಲಿ, ಗೃಹಪ್ರವೇಶದ ಆಮಂತ್ರಣವಾಗಲಿ, ತಿಥಿಯ ಸುದ್ದಿಯಾಗಲಿ ಕನ್ನಡದಲ್ಲೇ ತಲುಪಬೇಕಾದರೆ ಅದನ್ನು ಚಿತ್ರವಾಗಿ ಕಳಿಸುವುದೇ ಖಾತರಿಯ ದಾರಿ. ಚಿತ್ರ ಸಂದೇಶ ಬೇಡ ಎಂದವರಿಗೆ ತಮ್ಮ ಲಿಪಿ ಫೋನಿನಲ್ಲಿ ಮೂಡುತ್ತದೆಯೋ ಇಲ್ಲವೋ ಎಂಬ ಚಿಂತೆ ಒಮ್ಮೆಯೂ ಕಾಡಿರಲಿಕ್ಕಿಲ್ಲ.

ಅಪಾಯದ ಮಾತೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. 2004ರಲ್ಲಿ ದೆಹಲಿಯ ವಿದ್ಯಾರ್ಥಿಗಳ ಖಾಸಗಿ ದೃಶ್ಯ ಫೋನಿನಿಂದ ಫೋನಿಗೆ ಹರಡಿ ದೇಶವೇ ತಲ್ಲಣಿಸಿತ್ತು. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದಾಗ, ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್, ಎಂಎಂಎಸ್‌ಗಳನ್ನು ಹದಿನೈದು ದಿನ ನಿಷೇಧಿಸಿತು. 25 ಕೆಬಿಗಿಂತ ದೊಡ್ಡ ಸಂದೇಶಕ್ಕೂ ತಡೆ ಬಿತ್ತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಕೊಂದೇಬಿಟ್ಟಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆ ಒಮ್ಮೆಗೇ ಫಾರ್ವರ್ಡ್ ಮಾಡದಂತೆ ಮಿತಿ ಹಾಕುವುದಾಗಿ ಹೇಳಿತು. ಈ ಕ್ರಮಗಳನ್ನು ಸರಿಯಾಗಿ ಗಮನಿಸಬೇಕು. 2012ರಲ್ಲೂ 2018ರಲ್ಲೂ ಕಡಿವಾಣ ಬಿದ್ದಿದ್ದು ಮುಖ್ಯವಾಗಿ ಸಗಟು ಹರಡುವಿಕೆಗೆ. ಒಬ್ಬರು ಇನ್ನೊಬ್ಬರಿಗೆ ಚಿತ್ರ ಕಳಿಸುವುದೇ ಅಪರಾಧ ಎಂದು ಯಾರೂ ಹೇಳಲಿಲ್ಲ. ಸುಳ್ಳು ಸುದ್ದಿ ಬರಿಯ ಅಕ್ಷರದಲ್ಲೂ, ಬರಿಯ ಮಾತಿನಲ್ಲೂ ಹರಡುತ್ತದೆ. ಅದಕ್ಕಾಗಿ ಫೋನ್ ಕರೆಯನ್ನು ಅನಗತ್ಯ ಎಂದು ಯಾರೂ ಘೋಷಿಸಿಲ್ಲ.

ನಿಜವಾಗಿ ಕಳವಳಪಡಬೇಕಾದದ್ದು ಬೇರೆಯಿದೆ. ಎಲ್ಲರಿಗೂ ಬೇಕಾದ ಈ ಸೌಲಭ್ಯವನ್ನು ಮೊಬೈಲ್ ಜಾಲಗಳು ಕೈಚೆಲ್ಲಿದ್ದರಿಂದ ಅದು ಖಾಸಗಿ ಅಂಗಳಕ್ಕೆ ಸೇರಿಹೋಯಿತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೊಫೋನನ್ನೇ ನೋಡಿ. ಕ್ಯಾಮೆರಾ ಇತ್ತು, 4ಜಿ ಇತ್ತು, ಜಿಯೊದ್ದೇ ಚಾಟ್ ಆ್ಯಪ್ ಕೂಡ ಇತ್ತು. ಆದರೆ ಊರಿಗೆ ಊರೇ ವಾಟ್ಸ್‌ಆ್ಯಪ್‌ನಲ್ಲಿದ್ದಾಗ ಅದರಿಂದೇನು ಪ್ರಯೋಜನ? ವಾಟ್ಸ್‌ಆ್ಯಪ್ ಆ ಫೋನಿಗೆ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. 2024ರ ಜೂನ್‌ನಲ್ಲಿ ಅದೇ ವಾಟ್ಸ್‌ಆ್ಯಪ್, ಜಿಯೊಫೋನ್ ಓಡುವ ಕಾಯ್‌ಒಎಸ್ ವ್ಯವಸ್ಥೆಯಲ್ಲಿ ಹೊಸದಾಗಿ ಡೌನ್‌ಲೋಡ್ ಮಾಡಿಕೊಳ್ಳುವ ಬಾಗಿಲು ಮುಚ್ಚಿತು. ಫೋನ್ ಕೆಟ್ಟಿಲ್ಲ, ಜಾಲ ಹೋಗಿಲ್ಲ, ರೀಚಾರ್ಜ್ ತಪ್ಪಿಲ್ಲ. ಆದರೂ ಮೊಮ್ಮಗನ ಫೋಟೊ ನೋಡುವ ಅವಕಾಶ ದೂರದ ಕಚೇರಿಯೊಂದರ ತೀರ್ಮಾನದಿಂದ ಹೋಯಿತು. ಅದೇ ಫೋನಿನಲ್ಲಿ ಎಸ್‌ಎಂಎಸ್ ಮಾತ್ರ ಹಾಗೇ ಉಳಿದಿದೆ. ಅದು ಒಂದು ಕಂಪನಿಯ ಸ್ವತ್ತಲ್ಲ, ಎಲ್ಲರೂ ಒಪ್ಪಿಕೊಂಡ ಮಾನದಂಡ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಕಂಪನಿಯ ಜಾಲ ಸುಮಾರು ಆರು ತಾಸು ಕುಸಿದಾಗ ವಾಟ್ಸ್‌ಆ್ಯಪ್ ಜಗತ್ತಿನಾದ್ಯಂತ ನಿಂತುಹೋಯಿತು. ಹೀಗೆ ಒಂದೇ ಬಾಗಿಲಿಗೆ ಇಡೀ ಊರು ಜೋತುಬೀಳುವುದು ಸರಿಯಲ್ಲ.

ಆ್ಯಪಲ್ ಕೂಡ ಪಾಠ ಕಲಿಯಲು ಬಹಳ ಕಾಲ ತೆಗೆದುಕೊಂಡಿತು. ಐಫೋನಿನಿಂದ ಆ್ಯಂಡ್ರಾಯ್ಡ್ ಫೋನಿಗೆ ಸಂದೇಶದಲ್ಲಿ ಹೋಗುವ ಚಿತ್ರ, ವಿಡಿಯೊಗಳು ಹಳೆಯ ಎಂಎಂಎಸ್ ದಾರಿಯಲ್ಲೇ ಸಾಗಿ ಮಸುಕಾಗುತ್ತಿದ್ದವು. 2022ರ ಸೆಪ್ಟೆಂಬರ್‌ನಲ್ಲಿ ಸಭಿಕರೊಬ್ಬರು, ತನ್ನ ಅಮ್ಮನಿಗೆ ಕೆಲವು ವಿಡಿಯೊ ಕಳಿಸಲಾಗುತ್ತಿಲ್ಲ ಎಂದು ವೇದಿಕೆಯಲ್ಲಿದ್ದ ಟಿಮ್ ಕುಕ್ ಎದುರು ಹೇಳಿಕೊಂಡಾಗ, ಆ್ಯಪಲ್ ಮುಖ್ಯಸ್ಥರು ಕೊಟ್ಟ ಉತ್ತರ: ಅಮ್ಮನಿಗೊಂದು ಐಫೋನ್ ಕೊಡಿಸಿ. 2024ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಆ್ಯಪಲ್ ವಿರುದ್ಧ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಈ ಉತ್ತರವನ್ನೂ ಉಲ್ಲೇಖಿಸಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಐಫೋನಿಗೆ ಆರ್‌ಸಿಎಸ್ ಎಂಬ, ಚಿತ್ರಗಳನ್ನು ಮಸುಕಾಗಿಸದೆ ಸಾಗಿಸುವ ಹೊಸ ಮಾನದಂಡ ಬಂತು. ಐರೋಪ್ಯ ಒಕ್ಕೂಟ ಇನ್ನೂ ಮುಂದೆ ಹೋಗಿ, ಬೇರೆ ಸಂದೇಶ ಸೇವೆಗಳು ಕೇಳಿದರೆ ವಾಟ್ಸ್‌ಆ್ಯಪ್ ಅವುಗಳಿಗೆ ಬಾಗಿಲು ತೆರೆಯಬೇಕು ಎಂದು ಡಿಜಿಟಲ್ ಮಾರುಕಟ್ಟೆ ಕಾಯ್ದೆಯಲ್ಲಿ ವಿಧಿಸಿದೆ. ಮೊದಲ ಹಂತದಲ್ಲೇ ಕೊಡಬೇಕಾದವುಗಳ ಪಟ್ಟಿಯಲ್ಲಿ ಪಠ್ಯದ ಜೊತೆಗೆ ಚಿತ್ರವೂ ಇದೆ.

ಭಾರತಕ್ಕೆ ಇಂಥ ಕಟ್ಟುಪಾಡು ಹೊಸತಲ್ಲ. ಇಲ್ಲಿ ಮಾರುವ ಪ್ರತಿಯೊಂದು ಮೊಬೈಲಿನಲ್ಲೂ ತುರ್ತು ಕರೆಯ ಪ್ಯಾನಿಕ್ ಬಟನ್ ಇರಬೇಕೆಂದು 2016ರಲ್ಲಿ ನಿಯಮ ಬಂತು. ಅದೇ ವರ್ಷ, ಅತಿ ಅಗ್ಗದ ಫೋನೂ ಸೇರಿದಂತೆ ಎಲ್ಲದರಲ್ಲೂ ಸಂವಿಧಾನ ಮಾನ್ಯ ಮಾಡಿದ 22 ಭಾಷೆಗಳ ಸಂದೇಶ ಓದಲು ಬರಬೇಕೆಂಬ ಭಾರತೀಯ ಮಾನಕವನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಲು ಹೊರಟಿತು. ತಯಾರಕರು ಗೊಣಗಿದರು, ಗಡುವು ಮುಂದೂಡಿಸಿದರು, ಕಡೆಗೆ ಒಪ್ಪಿಕೊಂಡರು. ಕನ್ನಡ ಓದಲು ಬರದ ಫೋನನ್ನು ಭಾರತದಲ್ಲಿ ಮಾರುವಂತಿಲ್ಲ ಎಂದ ಸರ್ಕಾರಕ್ಕೆ, ಚಿತ್ರ ನೋಡಲು ಬಾರದ 4ಜಿ ಫೋನ್ ಮಾರುವಂತಿಲ್ಲ ಎನ್ನಲು ಅಡ್ಡಿಯೇನು?

ದೂರಸಂಪರ್ಕ ಇಲಾಖೆ ಮತ್ತು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮಾಡಬೇಕಾದದ್ದು ಮೂರು ಕೆಲಸ. ಬಣ್ಣದ ಪರದೆಯಿರುವ ಪ್ರತಿ 4ಜಿ ಫೋನೂ, ಕೀಪ್ಯಾಡಿನದಾದರೂ ಸರಿ, ಯಾವ ಆ್ಯಪ್ ಇಲ್ಲದೆ ನಂಬರಿಗೆ ಬಂದ ಚಿತ್ರವನ್ನು ತೋರಿಸಬೇಕು. ಕ್ಯಾಮೆರಾ ಇದ್ದರೆ ಕಳಿಸಲೂಬೇಕು. ಎಲ್ಲ ಸೇವಾದಾರರೂ ಪರಸ್ಪರರ ಚಿತ್ರ ಸಂದೇಶವನ್ನು ಮೂಲ ರೀಚಾರ್ಜಿನಲ್ಲೇ, ಪ್ರತ್ಯೇಕ ದರವಿಲ್ಲದೆ ತಲುಪಿಸಬೇಕು. ಜಾಹೀರಾತಿನ ಹಾವಳಿ ತಡೆಯಲು ವಾಣಿಜ್ಯ ಎಸ್‌ಎಂಎಸ್‌ಗಿರುವ ನೋಂದಣಿ ನಿಯಮ ಇದಕ್ಕೂ ಅನ್ವಯಿಸಬೇಕು. ಇವುಗಳಿಗಾಗಿ ಹೊಸ ತಂತ್ರಜ್ಞಾನ ಕಂಡುಹಿಡಿಯಬೇಕಿಲ್ಲ. 2002ರಿಂದಲೂ ಇರುವುದನ್ನು ಇಂದಿನ ಜಾಲಕ್ಕೆ ತಕ್ಕಂತೆ ಹದಗೊಳಿಸಿದರೆ ಸಾಕು. ಟ್ರಾಯ್ ತನ್ನ ಸಮಾಲೋಚನಾ ಪತ್ರಗಳಿಗೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ರೈತ ಸಂಘಗಳು, ಕಿವುಡರ ಸಂಘಟನೆಗಳು, ಕನ್ನಡ ಪರ ಸಂಸ್ಥೆಗಳು ಈ ಬೇಡಿಕೆಯನ್ನು ಅಲ್ಲಿಗೆ ಒಯ್ಯಬೇಕು. ಬೆಂಗಳೂರಿನಲ್ಲಿ ಇಷ್ಟೊಂದು ತಂತ್ರಾಂಶ ಬರೆಸುವ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯೂ ದನಿಗೂಡಿಸಬೇಕು.