ಹೊರೋಕಾಗದವನು ಹೊಡೀಬಾರದು

ಮೊನ್ನೆ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬ ಶುರುಮಾಡಿದ. "ಅಲಾಸ್ಕದಲ್ಲಿ ಸರ್ಕಾರವೇ ಪರ್ಮಿಟ್ ಕೊಟ್ಟು ಬೈಸನ್ ಹೊಡೆಸುತ್ತೆ. ನಮ್ಮ ಮಲೆನಾಡಲ್ಲಿ ಇಷ್ಟೊಂದು ಕಾಟಿ ಇದಾವೆ, ಇಲ್ಲಿ ಯಾಕೆ ಬಿಡಲ್ಲ?" ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಕೋಳಿಯ ಕತ್ತು ಕೊಯ್ಯೋದನ್ನೂ ನೋಡದವರಿಗೆ ಒಮ್ಮೆಲೇ ಕೋವಿಯ ಆಸೆ!

ಆ ಅಲಾಸ್ಕ ಬೇಟೆ ನನಗೆ ಸ್ವಲ್ಪ ಗೊತ್ತು. ಸಿಯಾಟಲ್‌ನಲ್ಲಿದ್ದ ವರ್ಷ ನನ್ನ ಟೀಮಿನವನೊಬ್ಬನಿಗೆ ಫೇರ್‌ವೆಲ್ ಹಿಂಡಿನ ಪರ್ಮಿಟ್ ಲಾಟರಿಯಲ್ಲಿ ಬಂತು. ಪ್ಲಾನಿನ ಎಕ್ಸೆಲ್ ಶೀಟ್ ಮಾಡಿಕೊಟ್ಟವನು ನಾನೇ.

ಅದು ಅಲಾಸ್ಕ ಪರ್ವತಶ್ರೇಣಿಯ ಉತ್ತರದ ತಪ್ಪಲು. ರಸ್ತೆ ಇಲ್ಲ. ಪುಟ್ಟ ವಿಮಾನವೊಂದು ನಿಮ್ಮನ್ನು ಇಳಿಸಿ ಹೋಗುತ್ತದೆ. ಇಳಿದ ದಿನ ಹೊಡೆಯುವಂತಿಲ್ಲ, ಮರುದಿನ ಬೆಳಗಿನ ಜಾವ 3 ಗಂಟೆವರೆಗೆ ಕಾಯಬೇಕು. ಹೊಡೆದ ಮೇಲೆ ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದು ಅಪರಾಧ. ಮಾಂಸ ಅಲ್ಲೇ ಬಿಟ್ಟು ಕೊಂಬು ಹೊತ್ತು ಬರೋದೂ ಅಷ್ಟೇ.

ಈಗ ಲೆಕ್ಕ ನೋಡಿ. ದೊಡ್ಡ ಗಂಡು ಬೈಸನ್ 900 ಕೆಜಿ ತೂಗಬಹುದು. ಮೂಳೆ ತೆಗೆದು 240 ಕೆಜಿ ಮಾಂಸ ಅಂತ ಇಟ್ಟುಕೊಂಡೆವು. ಬೆನ್ನಿಗೆ 30 ಕೆಜಿ ಅಂದರೆ 8 ಹೊರೆ. ಇಬ್ಬರಿದ್ದರೆ ತಲಾ 4. ವಿಮಾನ ಇಳಿಯುವ ಜಾಗ 3 ಕಿ.ಮೀ. ದೂರವಿದ್ದರೆ ಒಬ್ಬೊಬ್ಬನೂ 24 ಕಿ.ಮೀ. ನಡೀಬೇಕು, ಜೌಗಿನಲ್ಲಿ, ಪೊದೆಯಲ್ಲಿ, ರಕ್ತದ ವಾಸನೆಗೆ ಕರಡಿ ಬರೋ ಮೊದಲು. ಅದಕ್ಕೇ ಶೀಟಿನ ಮೊದಲ ಸಾಲು ಹೀಗಿತ್ತು: 2 ಕಿ.ಮೀ. ಆಚೆ ಗುಂಡು ಹಾರಿಸಕೂಡದು. ಅವನು ಬರಿಗೈಲಿ ವಾಪಸ್ ಬಂದ. ಒಳ್ಳೇ ಗಂಡು ಕಂಡಿತ್ತಂತೆ, ಆದರೆ ಹೊಳೆಯ ಆಚೆ, ತುಂಬಾ ದೂರ. ಕೋವಿ ಇಳಿಸಿದ್ದನ್ನು ಅವನು ಸೋಲು ಅಂತ ಹೇಳಲೇ ಇಲ್ಲ.

ಅಮೆರಿಕನ್ನರೇನು ಹುಟ್ಟಾ ಸಂಭಾವಿತರಲ್ಲ. ಕೋಟಿಗಟ್ಟಲೆ ಇದ್ದ ಬೈಸನ್‌ಗಳನ್ನು 19ನೇ ಶತಮಾನ ಮುಗಿಯುವಷ್ಟರಲ್ಲಿ ನೂರರ ಲೆಕ್ಕಕ್ಕೆ ಇಳಿಸಿದವರು ಅವರೇ. ರೈಲು ಬಂತು, ಚರ್ಮ ಸಾಗಿಸೋದು ಸುಲಭವಾಯ್ತು, ಹೆಣಗಳು ಬಯಲಲ್ಲೇ ಕೊಳೆತವು. ಅಲಾಸ್ಕದ ಈ ಹಿಂಡಿನ ಮೂಲವೂ 1928ರಲ್ಲಿ ಮೊಂಟಾನಾದಿಂದ ತಂದುಬಿಟ್ಟ ಪ್ರಾಣಿಗಳು. ಇವತ್ತಿನ ಎಣಿಕೆ, ಲಾಟರಿ, ಕಾಯ್ದೆ ಎಲ್ಲ ಕಳಕೊಂಡ ಮೇಲೆ ಬಂದ ಬುದ್ಧಿ.

ನಮ್ಮೂರಿನ ಶಿಕಾರಿ ಹೇಗಿತ್ತು ಹೇಳ್ತೀನಿ. ನಾನು ಏಳನೇ ಕ್ಲಾಸು. ದೊಡ್ಡಪ್ಪ, ಪೇಟೆಯ ನೆಂಟರು, ಜೀಪು, ಕಣ್ಣು ಕುಕ್ಕುವ ಟಾರ್ಚು. ರಾತ್ರಿ ಕಾಟಿಯೊಂದಕ್ಕೆ ಗುಂಡು ತಗುಲಿತು, ಅದು ಓಡಿತು. ಇವರು ಹಿಂದೆ ಹೋಗಲಿಲ್ಲ, ಬಂದು ಮಲಗಿದರು. ಮೂರನೇ ದಿನ ಅದು ನಮ್ಮ ತೋಟದ ಹಳ್ಳದಲ್ಲಿ ಬಿದ್ದಿತ್ತು, ಇನ್ನೂ ಉಸಿರಾಡ್ತಿತ್ತು. ಕೇಸಾಗುತ್ತೆ ಅಂತ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಆ ಹಳ್ಳದ ನೀರು ಕುಡಿಯೋಕೆ ನನಗೆ ವರ್ಷಗಟ್ಟಲೆ ಆಗಲಿಲ್ಲ.

ಕಾಟಿಯಿಂದ ತೋಟ ಹಾಳಾಗೋದು ಸುಳ್ಳಲ್ಲ, ನಮ್ಮದೂ ಆಗಿದೆ. ಅದಕ್ಕೆ ಬೇಕಾದ್ದು ತಕ್ಷಣದ ಪರಿಹಾರ, ಸರಿಯಾದ ಬೇಲಿ. ಶನಿವಾರ ಬೆಂಗಳೂರಿಂದ ಬರೋ ಕೋವಿ ಅಲ್ಲ. 1972ರ ವನ್ಯಜೀವಿ ಕಾಯ್ದೆ ಕಾಟಿಗೆ ಮೊದಲ ಪಟ್ಟಿಯ ರಕ್ಷಣೆ ಕೊಟ್ಟಿರೋದು ನಮ್ಮಂಥವರನ್ನು ನೋಡಿಯೇ.

ಅಲಾಸ್ಕದಿಂದ ಏನಾದರೂ ತರಿಸೋದಿದ್ರೆ ಮೊದಲು ಆ ಎಕ್ಸೆಲ್ ಶೀಟ್ ತರಿಸಿ ಸ್ವಾಮಿ. 8 ಹೊರೆ ಹೊರ್ತೀರಾ? ಗುಂಡು ತಗುಲಿ ಓಡಿದ್ದರ ಹಿಂದೆ ಕತ್ತಲಲ್ಲಿ ಹೋಗ್ತೀರಾ? ದೂರ ಜಾಸ್ತಿ ಅಂತ ಕೋವಿ ಇಳಿಸ್ತೀರಾ? ಇಲ್ಲ ಅಂದ್ರೆ ನಿಮಗೆ ಬೇಕಾಗಿರೋದು ಬೇಟೆ ಅಲ್ಲ, ಫೋಟೋ. ಅದಕ್ಕೆ ಕ್ಯಾಮೆರಾ ಸಾಕು.