ಅರ್ಧ ಬರೆದ ಚಿತ್ರಕಥೆ ಯಾರ ಕೈಗೆ?

ನಮ್ಮ ಭಾಷೆಯ ಮೊದಲ ಚಲನಚಿತ್ರ ‘ಬ್ಯಾರಿ’ 2011ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯಲ್ಲಿ ಪಾಲು ಪಡೆಯಿತು. ಹಾಗಿರುವಾಗ ಮನೆಯ ಮಕ್ಕಳು ಚಿತ್ರಕಥೆ ಬರೆಯಲು ಕೂತರೆ ಅದು ಹುಡುಗಾಟವಲ್ಲ.

ಆದರೆ ಅರ್ಧ ಬರೆದದ್ದನ್ನು ಹತ್ತು ಮಂದಿಗೆ ತೋರಿಸಬೇಡಿ. ಹೊಗಳಿಕೆಗೆ ಉಬ್ಬಿ, ಗೇಲಿಗೆ ಕುಗ್ಗಿ ಬರಹ ಅಲ್ಲೇ ನಿಲ್ಲುತ್ತದೆ. ಇಬ್ಬರು ಸಾಕು: ಸಿನಿಮಾ ಕೆಲಸ ಗೊತ್ತಿರುವವರೊಬ್ಬರು, ಸಂಭಾಷಣೆ ಕೇಳಿ ಮನೆಮಾತಿನ ತಪ್ಪು ಹಿಡಿಯಬಲ್ಲ ಹಿರಿಯರೊಬ್ಬರು. ‘ಹೇಗುಂಟು?’ ಅಂತ ಕೇಳಿದರೆ ‘ಲಾಯ್ಕುಂಟು’ ಅಂತಾರೆ, ಅಷ್ಟೇ. ‘ಎಲ್ಲಿ ಬೇಜಾರಾಯ್ತು? ಎಲ್ಲಿ ಅರ್ಥ ಆಗ್ಲಿಲ್ಲ?’ ಅಂತ ಕೇಳಿ. ವಾದ ಮಾಡದೆ ಬರೆದಿಟ್ಟುಕೊಳ್ಳಿ. ಇಬ್ಬರೂ ಒಂದೇ ಜಾಗ ತೋರಿಸಿದರೆ ಅಲ್ಲಿ ತಿದ್ದಿ.

ಹಿರಿಯರೇ, ಸುಮ್ಮನೆ ಹೊಗಳಬೇಡಿ, ‘ಇದೆಲ್ಲ ಯಾಕೆ?’ ಎನ್ನಲೂಬೇಡಿ. ಕೊನೆಯ ಪುಟದವರೆಗೆ ಬರೆಯುವ ಧೈರ್ಯ ಕೊಡಿ.