ತೊಟ್ಟಿಯನ್ನು ಮುಚ್ಚುವ ಮುನ್ನ

ಹಳೆಯ ಮನೆಯ ನವೀಕರಣವೆಂದರೆ ಈಗ ಮೊದಲು ಬಲಿಯಾಗುವುದು ತೊಟ್ಟಿ. ಅದರ ಮೇಲೆ ಫೈಬರ್ ಹೊದಿಕೆ ಹಾಕಿ, ನೆಲಕ್ಕೆ ನುಣುಪಾದ ಗ್ರಾನೈಟ್ ಹಾಸಿ, ಮೂಲೆಯಲ್ಲೊಂದು ವಿದ್ಯುತ್ ಕಾರಂಜಿ ಇರಿಸುತ್ತಾರೆ. ಕಾರಂಜಿಯ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಇದ್ದ ನೀರನ್ನೇ ಪಂಪು ಸುತ್ತಿಸುವ ಆಟಿಕೆ ಅದು. ಕರೆಂಟು ಹೋದರೆ ನಿಂತಿತು.

ಹಿಂದಿನವರ ಕಾರಂಜಿ ಹೀಗಿರಲಿಲ್ಲ. ಸ್ಪೇನಿನ ಅಲ್ಹಾಂಬ್ರಾ ಅರಮನೆಯಲ್ಲಿ, 14ನೆಯ ಶತಮಾನದ ತೆರೆದ ಅಂಗಳದಲ್ಲಿ, 12 ಕಲ್ಲಿನ ಸಿಂಹಗಳ ಬಾಯಿಂದ ನೀರು ಚಿಮ್ಮುತ್ತಿದ್ದುದು ಎತ್ತರದ ಕಾಲುವೆಯಿಂದ ಇಳಿದುಬಂದ ಒತ್ತಡದ ಬಲದಿಂದಲೇ.

ನಮ್ಮ ತೊಟ್ಟಿಯೂ ಅಂಥದೇ ಜಾಣ್ಮೆ. ಬಿಸಿಗಾಳಿ ಮೇಲೇರಿ ಹೋಗುತ್ತದೆ, ಬೆಳಕು ಒಳಗಿಳಿಯುತ್ತದೆ, ಸೂರಿನ ನೀರು ಸುರಿಯುತ್ತದೆ. ಒಳಮುಖದ ಮಾಡು 100 ಚದರ ಮೀಟರ್ ಇದ್ದರೆ, 20 ಮಿಲಿಮೀಟರ್ ಮಳೆಗೆ ಬೀಳುವುದು 2,000 ಲೀಟರ್ ನೀರು! ಶಾಲೆಯ ಲೆಕ್ಕ, ನನ್ನ ಶಿಷ್ಯರು ಮರೆತಿರಲಾರರು.

ಕಳ್ಳರ ಭಯ, ಕೋತಿಗಳ ಕಾಟ ನಿಜ. ಅದಕ್ಕೆ ಕಬ್ಬಿಣದ ಸರಳು, ಬಲೆ ಸಾಕು. ವೃದ್ಧರು ಜಾರದಂತೆ ಒರಟು ಕಲ್ಲು ಹಾಸಬಹುದು.

ಹಿರಿಯರ ಮನೆ ಪಾಲಿಗೆ ಬಂದಿರುವ ಬಂಧುಗಳೂ, ಎಂಜಿನಿಯರುಗಳಾಗಿರುವ ಶಿಷ್ಯರೂ ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಒಮ್ಮೆ ಯೋಚಿಸಲಿ. ಕಾರಂಜಿಯನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ಮುಚ್ಚಿದ ತೊಟ್ಟಿಯನ್ನು ಮತ್ತೆ ತೆರೆದವರನ್ನು ನಾನಂತೂ ಕಂಡಿಲ್ಲ.